ಅರವತ್ತು ಲೀಟರ್ ಸವಳು ನೀರು

ಶಾಲೆಗೆ ಸೇರಿದ ಮೇಲೆ ನನ್ನ ಮಗ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್‌ನಲ್ಲಿ ಉತ್ತರ ಕೊಡಲು ಶುರು ಮಾಡಿದ. ಈಗ ಅವನಿಗೆ ಆರು ವರ್ಷ. ಭಾನುವಾರ ಕುಮಟಾದಿಂದ ಅಜ್ಜಿ ವಿಡಿಯೋ ಕಾಲ್ ಮಾಡಿದರೆ 'ಊಟ ಆಯ್ತು', 'ಶಾಲೆ ಚೆನ್ನಾಗಿದೆ', ಅಲ್ಲಿಗೆ ಮುಗಿಯಿತು. ಅಜ್ಜಿಗೆ ಡಚ್ ಬರುವುದಿಲ್ಲ. ಹೀಗೇ ಮುಂದುವರಿದರೆ ಇನ್ನೆರಡು ವರ್ಷಕ್ಕೆ ಇವರಿಬ್ಬರ ಮಾತೇ ನಿಲ್ಲುತ್ತದೆ ಅನ್ನಿಸಿತು. ಮನೆಯಲ್ಲಿ ಕನ್ನಡ ಪುಸ್ತಕಗಳು ಬೇಕಾದಷ್ಟಿದ್ದವು. ದಿನವೂ ಕನ್ನಡದಲ್ಲೇ ಮಾಡುವ ಕೆಲಸವೊಂದು ಇರಲಿಲ್ಲ.

ಹಾಗೆ ಎನ್ಸ್‌ಕೆಡೆಯ ನಮ್ಮ ಮನೆಗೆ 60 ಲೀಟರಿನ ಅಕ್ವೇರಿಯಂ ಬಂತು. ಅದು ಸಿಹಿನೀರಿನದಲ್ಲ, ಸಮುದ್ರದ ನೀರಿನದೂ ಅಲ್ಲ, ಸವಳು ನೀರಿನದು. ಕಾರಣ ಅಜ್ಜಿಯ ಊರು. ಅಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿನೀರು ಹೆಚ್ಚು, ಬೇಸಿಗೆಗೆ ಉಪ್ಪು ಹೆಚ್ಚು. ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅಲ್ಲೇ ಸೀಗಡಿ, ಮೀನು ಹಿಡಿಯುತ್ತಾರೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮಗೆ ಬೇಕಾದದ್ದು ಅದರ ಕಾಲು ಭಾಗ, ಸುಮಾರು 9 ಗ್ರಾಂ. ಅಡುಗೆ ಉಪ್ಪು ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುವ ಅಕ್ವೇರಿಯಂ ಉಪ್ಪೇ ಬೇಕು. ಇಲ್ಲಿನ ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದಿಲ್ಲವಾದ್ದರಿಂದ ಒಂದು ಕೆಲಸ ಕಡಿಮೆ. ಹತ್ತು ಲೀಟರಿನ ಬಕೆಟ್‌ಗೆ 90 ಗ್ರಾಂ ಉಪ್ಪನ್ನು ಮಗನೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ, ಕದಡಿದ, ತಿಳಿಯಾಗುವವರೆಗೆ ಕಾದ. ಹೈಡ್ರೋಮೀಟರ್ 1.005ರ ಹತ್ತಿರ ನಿಂತರೆ ಹದ. ತೂಗು, ಕದಡು, ತಿಳಿ, ತಳ, ಹದ: ಈ ಪದಗಳನ್ನು ನಾನು ಪಾಠ ಮಾಡಲಿಲ್ಲ, ಕೆಲಸ ಮಾಡುವಾಗ ಬೇಕಾದವು.

ಆಮೇಲೆ ಕೆಲವು ವಾರ ಮೀನಿಲ್ಲದ ತೊಟ್ಟಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. 'ಮೀನು ಯಾವಾಗ?' ಎಂದು ಅವನು ದಿನಾ ಕೇಳುತ್ತಿದ್ದ, ಕನ್ನಡದಲ್ಲೇ.

ಅಷ್ಟರಲ್ಲಿ ತೊಟ್ಟಿಯ ನೀರು ಎರಡು ಬೆರಳಿನಷ್ಟು ಇಳಿದಿತ್ತು, ಹೈಡ್ರೋಮೀಟರ್ ಮಾತ್ರ ಏರಿತ್ತು. ಮಗ ಉಪ್ಪಿನ ಡಬ್ಬಿ ತಂದ. 'ನೀರು ಎಲ್ಲಿ ಹೋಯ್ತು? ಉಪ್ಪು ಎಲ್ಲಿ ಹೋಯ್ತು?' ಎಂದೆ. ಸುಮಾರು ಹೊತ್ತು ನೋಡುತ್ತ ನಿಂತ. 'ಉಪ್ಪು ಹಾರಲ್ಲ. ನೀರು ಮಾತ್ರ ಹಾರುತ್ತೆ. ಅದಕ್ಕೇ ಬರೀ ನೀರು ಹಾಕ್ಬೇಕು' ಎಂದ. ಅವನು ಕನ್ನಡದಲ್ಲಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಭಾನುವಾರ ಅದನ್ನೇ ಅಜ್ಜಿಗೆ ಹೇಳಿದ. 'ಹೌದು ತಮಾ, ನಮ್ಮ ಸಾಣಿಕಟ್ಟೆಯಲ್ಲಿ ಉಪ್ಪು ಮಾಡುವುದೂ ಹಾಗೇ' ಎಂದು ಅಜ್ಜಿ ಉಪ್ಪಿನ ಆಗರದ ಕಥೆ ತೆಗೆದರು. ಅಂದು ಮಾತು ಅರ್ಧ ಗಂಟೆ ನಡೆಯಿತು. ಕೊನೆಗೆ ಮೀನು ಬಂದಾಗ ಇನ್ನೊಂದು ಗೊಂದಲ. ಹೆಸರು ಬಂಬಲ್‌ಬೀ ಗೋಬಿ, ಹಳದಿ ಕಪ್ಪು ಪಟ್ಟೆಯ ಬೆರಳುದ್ದವೂ ಇಲ್ಲದ ಮೀನು. 'ಗೋಬಿಯಾ? ಮಂಚೂರಿ ಮಾಡ್ತೀಯಾ?' ಎಂದರು ಅಜ್ಜಿ. ಅವನು ನಕ್ಕು ಉರುಳಿಬಿದ್ದ.

ಶಾಲೆಯ ಸುದ್ದಿ ಇವತ್ತಿಗೂ ಡಚ್‌ನಲ್ಲೇ ಬರುತ್ತದೆ, ಬರಲಿ. ಮೀನಿನ ಸುದ್ದಿ ಕನ್ನಡದ್ದು. ನಿಮ್ಮ ಮನೆಯಲ್ಲಿ ಅದು ಮೀನೇ ಆಗಬೇಕಿಲ್ಲ, ಮೆಂತ್ಯ ಸೊಪ್ಪಿನ ಕುಂಡವೂ ಆದೀತು. ಊರಿನಲ್ಲಿರುವ ಒಬ್ಬರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುವ ಕೆಲಸವನ್ನೇ ಆರಿಸಿಕೊಳ್ಳಿ. ಆಗ ಮಗುವಿಗೆ ಅವರನ್ನು ಕೇಳುವುದಕ್ಕೆ ಏನಾದರೂ ಇರುತ್ತದೆ.