ಸುತ್ತ ನಿಂತವರು

ನಾನು ಹುಟ್ಟಾ ಪ್ರೇಕ್ಷಕ. ಶಾಲೆಯಲ್ಲಿ ಖೋ-ಖೋ ತಂಡಕ್ಕೆ ಒಂಬತ್ತು ಜನ ಬೇಕಾದಾಗಲೆಲ್ಲ ನಾನು ತಪ್ಪದೆ ಹತ್ತನೆಯವನಾಗಿ ನಿಂತು, ಆಡುವವರ ಅಂಗಿ, ಚಪ್ಪಲಿಗಳನ್ನು ಕಾಯ್ದವನು. ಮುಂದೆ ಬೆಳಗಾವಿಯಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಮೂವತ್ತೈದು ವರ್ಷ ಕಳೆದಾಗಲೂ ಈ ಗುಣ ನನ್ನನ್ನು ಬಿಡಲಿಲ್ಲ. ಕುಸ್ತಿಯಾಗಲಿ, ಕಬಡ್ಡಿಯಾಗಲಿ, ಕಾಲೇಜು ಹುಡುಗರ ಓಟವಾಗಲಿ, ಎಲ್ಲಿ ನಾಲ್ಕು ಜನ ಸುತ್ತ ನಿಂತಿರುವರೋ ಅಲ್ಲಿ ಐದನೆಯವನಾಗಿ ನಾನು ಹಾಜರು. ಬೆವರುವವರು ಬೇರೆಯವರು, ಹರ್ಷ ಮಾತ್ರ ನಮ್ಮದು. ಇಷ್ಟು ಅಗ್ಗದ ಸುಖ ಲೋಕದಲ್ಲಿ ಇನ್ನೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ.

2020ರ ಯುಗಾದಿಗೆಂದು ಎರಡು ಜೊತೆ ಬಟ್ಟೆ ಹಿಡಿದುಕೊಂಡು ಹುಟ್ಟೂರಾದ ಮಸಗುಪ್ಪಿಗೆ ಹೋದೆ. ತಂಗಿಯನ್ನು ಊರಲ್ಲಿಯೇ ಕೊಟ್ಟಿರುವುದರಿಂದ ಹಬ್ಬಕ್ಕೆ ಅವಳ ಮನೆಯೇ ನನಗೆ ತವರು. ನಮ್ಮದು ಘಟಪ್ರಭೆಯ ದಂಡೆಯ ಊರು. ಹಿಂದಿನ ಆಗಸ್ಟ್ ತಿಂಗಳಲ್ಲಿ ಹೊಳೆ ಉಕ್ಕಿ ಬಂದು ಬೆಳೆಯನ್ನೂ ಗೋಡೆಗಳನ್ನೂ ಕೆಡವಿ ಹೋಗಿತ್ತು. ಕೆಲವು ಮನೆಗಳಿಗೆ ಇನ್ನೂ ಹೊಸ ಮಣ್ಣಿನ ವಾಸನೆ ಇತ್ತು. ಅಂಥ ಊರಿಗೆ ಮಾರ್ಚ್ 24ರ ರಾತ್ರಿ ಸುದ್ದಿ ಬಂದಿತು: ನಾಳೆಯಿಂದ 21 ದಿನ ದೇಶವೇ ಬಂದ್. ನಾಳೆಯೆಂದರೆ ಯುಗಾದಿಯೇ. ಮುಂಜಾನೆ ತಂಗಿ ಬಟ್ಟಲು ಹಿಡಿದು ಬಂದು, "ಅಣ್ಣಾ, ಈ ಸಲ ಬೇವು ಸರಕಾರದವರ ಕುಡಿಸ್ಯಾರ, ನೀ ಬೆಲ್ಲ ಅಷ್ಟ ತಿನ್ನು" ಎಂದಳು. ಹೀಗೆ ಎರಡು ದಿನಕ್ಕೆ ಹೋದವನು ಎರಡು ತಿಂಗಳಿಗೂ ಮಿಕ್ಕಿ ಅಲ್ಲಿಯೇ ಉಳಿದೆ.

ಪ್ರೇಕ್ಷಕನ ದೃಷ್ಟಿಯಿಂದ ಹೇಳುವುದಾದರೆ, ಮಹಾಮಾರಿಯು ಇದಕ್ಕಿಂತ ಕೆಟ್ಟ ಮುಹೂರ್ತವನ್ನು ಆರಿಸಿಕೊಳ್ಳುವಂತಿರಲಿಲ್ಲ. ನಮ್ಮ ಸೀಮೆಯಲ್ಲಿ ಯುಗಾದಿಯ ಆಸುಪಾಸಿನಿಂದ ಮುಂಗಾರು ಹನಿಯುವವರೆಗೆ ಜಾತ್ರೆಗಳ ಕಾಲ. ಜಾತ್ರೆ ಎಂದಮೇಲೆ ತೇರು ಎಳೆದಷ್ಟೇ ನಿಷ್ಠೆಯಿಂದ ಕುಸ್ತಿ ನಡೆಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಇಂದು ಒಂದೂರು, ನಾಳೆ ಇನ್ನೊಂದೂರು ಎಂದು ಮೈದಾನಗಳು ಸಾಲುಗಟ್ಟುತ್ತವೆ. ಊರ ಹಿರಿಯರು ಪಟ್ಟಿ ಎತ್ತುತ್ತಾರೆ, ಜೋಡಿ ಕಟ್ಟುತ್ತಾರೆ, ಹಲಗಿಯ ಸದ್ದು ಏರುತ್ತದೆ. ಕೆಮ್ಮಣ್ಣಿನ ಮೇಲೆ ಒಬ್ಬನು ಇನ್ನೊಬ್ಬನನ್ನು ಚಿತ್ ಮಾಡಿದೊಡನೆ ಗುಂಪಿನೊಳಗಿಂದ ಯಾರೋ ಎದ್ದು ಹೋಗಿ ಗೆದ್ದವನ ಕೈಯಲ್ಲಿ ನೋಟು ಇಡುತ್ತಾರೆ. ಆ ನೋಟು ಬರಿಯ ಮೆಚ್ಚುಗೆಯಲ್ಲ. ಅದು ಪೈಲ್ವಾನನ ಮುಂದಿನ ವಾರದ ಹಾಲು, ತುಪ್ಪ, ಬಾದಾಮಿ.

ಇದು ನನಗೆ ಅರ್ಥವಾದದ್ದು ನೆರೆಮನೆಯ ಹುಡುಗನಿಂದ. ಅವನು ಕೊಲ್ಲಾಪುರದ ಒಂದು ತಾಲೀಮಿನಲ್ಲಿದ್ದ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವಿರುವ ಆ ಊರು ನಮ್ಮ ಭಾಗದ ಕುಸ್ತಿಯ ಹುಡುಗರಿಗೆ ಕಾಶಿಯಿದ್ದಂತೆ. ತಾಲೀಮು ಮುಚ್ಚಿದಾಗ ಅವನು ಮನೆಗೆ ಬಂದ. ಬಂದ ವಾರದಲ್ಲಿ ಅವನ ತಾಯಿ ಎಮ್ಮೆಯ ಹಾಲನ್ನು ಅಷ್ಟೂ ಅವನಿಗೇ ಎರೆದಳು. ಎರಡನೆಯ ವಾರ ಅರ್ಧ ಎರೆದಳು. ಒಂದು ತಿಂಗಳ ಮೇಲೆ ಅವನು ಎಲ್ಲರಂತೆ ಚಹ ಕುಡಿಯುತ್ತಿದ್ದ. ಮಗನ ಮೈ ಇಳಿಯುವುದನ್ನು ನೋಡಲಾರದೆ ತಂದೆ ಕಟ್ಟೆಯ ಮೇಲೆ ಬೇರೆ ದಿಕ್ಕಿಗೆ ಮುಖಮಾಡಿ ಕೂತಿರುತ್ತಿದ್ದ. "ಸುತ್ತ ನಿಂತು ನೋಡೂ ಮಂದಿನಽ ನಮ್ಮ ಖುರಾಕರಿ" ಎಂದು ಆ ಹುಡುಗ ನಗುತ್ತ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನೆಟ್ಟುಬಿಟ್ಟಿತು. ಬಿಟ್ಟಿಯಾಗಿ ನೋಡುವವನೆಂದು ನಾನು ತಿಳಿದುಕೊಂಡಿದ್ದೆ, ನಾನು ಅನ್ನದಾತನಾಗಿದ್ದೆ!

ಇತ್ತ ಮನೆಯೊಳಗೆ ನನ್ನಂಥವರಿಗೆ ದೂರದರ್ಶನವೊಂದೇ ಗತಿ. ಹೊಸ ಆಟಗಳಿಲ್ಲದ್ದರಿಂದ ಹಳೆಯವುಗಳನ್ನು ತೋರಿಸಿದರು. 2001ರ ಕೋಲ್ಕತ್ತ ಪಂದ್ಯದಲ್ಲಿ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡೆದು ಆಸ್ಟ್ರೇಲಿಯವನ್ನು ಸೋಲಿಸಿದ್ದು ಲೋಕಕ್ಕೆಲ್ಲ ಗೊತ್ತು. ಆದರೂ ತಂಗಿಯ ಗಂಡ ಚೆಂಡು ಗಾಳಿಗೇರಿದಾಗಲೆಲ್ಲ ದೇವರಿಗೆ ಕೈಮುಗಿಯುತ್ತಿದ್ದ. "ಗೆದ್ದಾಗಿ ಹತ್ತೊಂಬತ್ತು ವರ್ಷ ಆತಲ್ಲೋ" ಎಂದರೆ, "ಹೇಳಾಕ ಬರೂದಿಲ್ರಿ" ಎಂಬ ಉತ್ತರ.

ಆ ವರ್ಷದ ಐ.ಪಿ.ಎಲ್. ಪಂದ್ಯಗಳು ಸೆಪ್ಟೆಂಬರ್ 19ರಿಂದ ದೂರದ ಅರಬ್ ನಾಡಿನಲ್ಲಿ, ಜನರಿಲ್ಲದ ಕ್ರೀಡಾಂಗಣಗಳಲ್ಲಿ ನಡೆದವು. ನವರಾತ್ರಿಗೆ ಮತ್ತೆ ಊರಿಗೆ ಹೋದಾಗ ಎಲ್ಲರೂ ಕೂಡಿ ನೋಡುತ್ತಿದ್ದೆವು. ಬೌಂಡರಿ ಬಿದ್ದೊಡನೆ ಸಾವಿರಾರು ಕಂಠಗಳ ಕೂಗು ಕೇಳುತ್ತಿತ್ತು. ಅದು ಮೊದಲೇ ಮುದ್ರಿಸಿಟ್ಟ ಗದ್ದಲ. ನನಗೆ ಅದು ನಾಲ್ಕು ದಿನ ಹೊಳೆದಿರಲೇ ಇಲ್ಲ! ಐವತ್ತು ವರ್ಷ ಗುಂಪಿನಲ್ಲಿ ನಿಂತವನಿಗೆ ಗುಂಪಿಲ್ಲದ್ದು ತಿಳಿಯಲಿಲ್ಲವೆಂದರೆ ಏನೆನ್ನಬೇಕು? ತೋರಿಸಿಕೊಟ್ಟವಳು ತಂಗಿಯ ಮಗಳು. "ಮಾಮಾ, ಕುರ್ಚಿ ನೋಡ್ರಿ, ಖಾಲಿ ಅದಾವು" ಎಂದಳು. ಅವಳ ಧ್ವನಿಯಲ್ಲಿ ವಿನೋದವಿರಲಿಲ್ಲ.

ಅವಳ ಕಥೆಯನ್ನು ಹೇಳಲೆಂದೇ ನಾನು ಇಷ್ಟು ಸುತ್ತು ಬಂದದ್ದು.

ನನ್ನ ಸೊಸೆ ಓಟಗಾತಿ. ಗೋಕಾಕದ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಬಂದ್ ಆಗುವ ಹಿಂದಿನ ಹಂಗಾಮಿನಲ್ಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟದ 1500 ಮೀಟರ್ ಓಟದಲ್ಲಿ 5 ನಿಮಿಷ 12 ಸೆಕೆಂಡಿಗೆ ಗೆರೆ ಮುಟ್ಟಿ ನಾಲ್ಕನೆಯವಳಾಗಿದ್ದಳು. ಮುಂದಿನ ಮೂವರಲ್ಲಿ ಇಬ್ಬರದು ಕೊನೆಯ ವರ್ಷ. ಲೆಕ್ಕ ಸರಳವಾಗಿತ್ತು: ಮುಂದಿನ ವರ್ಷ ಅವಳ ಸರದಿ, ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದರೆ ಒಂದು ಪ್ರಮಾಣಪತ್ರ, ಅದರ ಬಲದಿಂದ ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಒಂದು ಜಾಗ. ಮನೆಯವರು ಗಂಡು ನೋಡುವ ಮಾತನ್ನು ಆ ಒಂದು ವರ್ಷದ ಮಟ್ಟಿಗೆ ಮುಂದೂಡಿದ್ದರು.

ಆ ವರ್ಷ ಬರಲೇ ಇಲ್ಲ. ನವೆಂಬರ್ 17ರಂದು ಪದವಿ ಕಾಲೇಜುಗಳ ಬಾಗಿಲು ತೆರೆದರೂ ಆಟದ ಬಯಲು ತೆರೆಯಲಿಲ್ಲ. ಉಳಿದ ಪಾಠಗಳನ್ನು ಮುಗಿಸುವ ಅವಸರದಲ್ಲಿ ಆಟವನ್ನು ಕೇಳುವವರಾರು? ಇದರಲ್ಲಿ ಯಾರ ತಪ್ಪೂ ಇಲ್ಲ; ಜನ ಉಸಿರಿಗಾಗಿ ಒದ್ದಾಡುತ್ತಿರುವಾಗ ಓಟದ ಪಂದ್ಯ ನಡೆಸಿರೆಂದು ಯಾವ ಬಾಯಿಂದ ಕೇಳುವುದು? 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟದ ಬಳಿಕ ಮುಂದಿನ ಕೂಟ ಅದೇ ಊರಿನಲ್ಲಿ ಸೇರಿದ್ದು 2022ರ ಜನವರಿಯಲ್ಲಿ. ನಡುವಿನ ವರ್ಷವೊಂದು ಹೊಳೆಯಲ್ಲಿ ಕೊಚ್ಚಿಹೋದ ಹೊಲದಂತೆ ದಾಖಲೆಯಿಂದಲೇ ಮಾಯವಾಯಿತು.

ಅಮೆರಿಕದಲ್ಲಿ ಹೀಗಾಗಲಿಲ್ಲವೆಂದು ಪತ್ರಿಕೆಯಲ್ಲಿ ಓದಿದೆ. ಅಲ್ಲಿ ಕಾಲೇಜಿನ ಆಟವೆಂದರೆ ದೊಡ್ಡ ವ್ಯವಹಾರ. ಲಕ್ಷಕ್ಕೂ ಮಿಕ್ಕಿ ಜನ ಕೂಡುವ ಕ್ರೀಡಾಂಗಣ ಒಂದು ವಿಶ್ವವಿದ್ಯಾಲಯದ ಸ್ವತ್ತಾಗಿರುತ್ತದೆ. 1939ರಿಂದ ಒಂದು ವರ್ಷವೂ ತಪ್ಪದ ಅವರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು 2020ರ ಮಾರ್ಚ್ 12ರಂದು ರದ್ದು ಮಾಡಿದಾಗ ದೇಶವೆಲ್ಲ ಸೂತಕ ಹಿಡಿದಂತಾಯಿತಂತೆ. ಆದರೆ ಅದೇ ತಿಂಗಳ ಕೊನೆಗೆ, ವಸಂತಕಾಲದ ಆಟಗಳನ್ನು ಕಳೆದುಕೊಂಡ ವಿದ್ಯಾರ್ಥಿಗಳಿಗೆ ಇನ್ನೊಂದು ವರ್ಷ ಆಡುವ ಅವಕಾಶವನ್ನು ಕೊಟ್ಟರು. ಅಲ್ಲಿ ಹಣ ಹೋದದ್ದರಿಂದ ನಷ್ಟ ಎಲ್ಲರಿಗೂ ಕಂಡಿತು. ನಮ್ಮ ಕಾಲೇಜಿನ ಓಟಕ್ಕೆ ಟಿಕೆಟ್ಟಿಲ್ಲ, ಜಾಹೀರಾತಿಲ್ಲ. ಹೋದದ್ದು ಒಂದು ಹುಡುಗಿಯ ಒಂದು ವರ್ಷ ಮಾತ್ರ. ಅದನ್ನು ಯಾವ ಖಾತೆಗೆ ಬರೆಯುವುದು? ಬ್ಯಾಂಕಿನಲ್ಲಿದ್ದವನಾದರೂ ನನಗೂ ತಿಳಿಯಲಿಲ್ಲ.

ಅವಳು ಮಾತ್ರ ಓಡುವುದನ್ನು ಬಿಡಲಿಲ್ಲ. ಬಂದ್ ಬಿಗಿಯಾಗಿದ್ದ ದಿನಗಳಲ್ಲಿಯೂ ನಸುಕು ಹರಿಯುವ ಮೊದಲೇ ಎದ್ದು, ಕಬ್ಬಿನ ತೋಟಗಳ ನಡುವಿನ ಬಂಡಿದಾರಿಯಲ್ಲಿ ಓಡಿ, ಊರು ಏಳುವುದರೊಳಗೆ ಮರಳಿ ಬಂದು ಅಂಗಳ ಗುಡಿಸುತ್ತಿದ್ದಳು. 2021ರ ಫೆಬ್ರವರಿಯಲ್ಲಿ ಒಂದು ಮುಂಜಾನೆ, "ಮಾಮಾ, ಇವತ್ತ ಗಡಿಯಾರ ಹಿಡಕೊಂಡ ಬರ್ರಿ" ಎಂದಳು. ಎಲ್ಲ ಸರಿಯಿದ್ದಿದ್ದರೆ ಆ ಹೊತ್ತಿಗೆ ಅವಳ ಕೂಟ ಮುಗಿದು ಫಲಿತಾಂಶವೂ ತಿಳಿದಿರುತ್ತಿತ್ತು.

ಶಾಲೆಯ ಬಯಲಿನಲ್ಲಿ ಅಳೆದು ಗೆರೆ ಎಳೆದೆವು: ಸುತ್ತಿಗೆ 200 ಮೀಟರು, ಒಟ್ಟು ಏಳೂವರೆ ಸುತ್ತು. ಪ್ರೇಕ್ಷಕರೆಂದರೆ ನಾನು, ಅವಳ ತಂದೆ, ನೆರೆಮನೆಯ ಪೈಲ್ವಾನ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಮೂರು ಹುಡುಗರು, ಒಂದು ನಾಯಿ. ಮೊಳೆಯ ಬೂಟು ಬಿಗಿದು ಅವಳು ಹೊರಟಳು. ಮೊದಲ ನಾಲ್ಕು ಸುತ್ತು ಚೆನ್ನಾಗಿಯೇ ಹೋದವು. ಐದನೆಯದರಲ್ಲಿ ಅವಳು ಹಿಂದಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಮುಂದೆ ಹೆಜ್ಜೆ ಭಾರವಾಯಿತೆಂದು ನನ್ನಂಥ ಆಡದವನಿಗೂ ಕಾಣುತ್ತಿತ್ತು. ನಾವು ಕೂಗಿದೆವು, ಚಪ್ಪಾಳೆ ತಟ್ಟಿದೆವು; ಆರು ಜನರ ಚಪ್ಪಾಳೆ ಬಯಲಿನಲ್ಲಿ ಎಷ್ಟು ಬಡವಾಗಿ ಕೇಳುತ್ತದೆಂಬುದು ಅಂದು ತಿಳಿಯಿತು. 5 ನಿಮಿಷ 26 ಸೆಕೆಂಡು. ಹದಿನಾಲ್ಕು ಸೆಕೆಂಡು ಹಿಂದೆ.

ಎರಡು ಸೆಕೆಂಡು ಕಡಿಮೆ ಹೇಳೋಣವೇ ಎಂದು ನನಗೆ ಅನ್ನಿಸಿದ್ದುಂಟು. ಅವಳು ಗಡಿಯಾರವನ್ನೇ ಕೈಯಿಂದ ತೆಗೆದುಕೊಂಡು ನೋಡಿದಳು. "ಓಡಾಕ ಒಬ್ಬಾಕಿನಽ ಇದ್ರ ಆಗೂದಿಲ್ಲ ಮಾಮಾ. ಹಿಂದ ಓಡೋರು ಬೇಕು" ಎಂದಷ್ಟೇ ಹೇಳಿ ಬೂಟು ಬಿಚ್ಚಿದಳು.

ಏಪ್ರಿಲ್ ಕೊನೆಗೆ ಎರಡನೆಯ ಅಲೆ ಬಂದು ಮತ್ತೆ ಎಲ್ಲವೂ ಮುಚ್ಚಿತು. ಜಾತ್ರೆಗಳ ಎರಡನೆಯ ಹಂಗಾಮೂ ಮುಳುಗಿತು. ಆಗಸ್ಟ್ 7ರಂದು ನೀರಜ್ ಚೋಪ್ರಾ ಟೋಕಿಯೋದಲ್ಲಿ ಜನರಿಲ್ಲದ ಕ್ರೀಡಾಂಗಣದೊಳಗೆ ಭರ್ಜಿಯನ್ನು 87.58 ಮೀಟರು ಎಸೆದು ಚಿನ್ನ ಗೆದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಕುಣಿದಾಡಿದೆವು, ಅವಳೂ ಕುಣಿದಳು. ಒಲಿಂಪಿಕ್ಸ್ ಪಂದ್ಯಗಳನ್ನು ಒಂದು ವರ್ಷ ಕಾಯಿಸಬಹುದು. ಬಿ.ಎ. ಕೊನೆಯ ವರ್ಷವನ್ನು ಕಾಯಿಸಲಾಗುವುದಿಲ್ಲ. ಪರೀಕ್ಷೆ ಮುಗಿಯಿತು, ಪದವಿ ಬಂದಿತು, ಅವಳು ಮೂಡಲಗಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದಳು. ಬೂಟುಗಳು ನಡುಮನೆಯ ಗೂಟಕ್ಕೆ ಏರಿದವು.

ಇನ್ನು ಪ್ರೇಕ್ಷಕರ ವಿಷಯ. ಬಂದ್ ಮುಗಿದ ಮೇಲೆ ಜನ ಮರಳಿ ಬಂದರೇ ಎಂದು ಕೇಳುವವರುಂಟು. ಬಂದರು; ಬಂದ ರೀತಿಯೇ ಬೇರೆ. 2022ರಲ್ಲಿ ಜಾತ್ರೆಗಳು ಮತ್ತೆ ಕೂಡಿದಾಗ ಕುಸ್ತಿಯ ಮೈದಾನದಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ನೆರೆಮನೆಯ ಪೈಲ್ವಾನ ಕಳೆದ ತೂಕವನ್ನು ಪೂರ್ತಿ ತುಂಬಿಕೊಳ್ಳಲಾಗದಿದ್ದರೂ ಮತ್ತೆ ಮಣ್ಣಿಗಿಳಿದ. ಆದರೆ ಗುಂಪಿನಲ್ಲಿ ಅರ್ಧ ಜನರ ಕೈಗಳು ಮೊಬೈಲು ಎತ್ತಿ ಹಿಡಿದಿದ್ದವು; ಎರಡೂ ಕೈ ತುಂಬಿದವನು ಚಪ್ಪಾಳೆ ಹೇಗೆ ತಟ್ಟಿಯಾನು, ಜೇಬಿನಿಂದ ನೋಟು ಹೇಗೆ ತೆಗೆದಾನು? ಬೆಂಗಳೂರಿನ ಮಾತಂತೂ ಹೇಳಲು ಸಂಕಟ. ಅಲ್ಲಿನ ತಂಡ 2025ರ ಜೂನ್ 3ರಂದು, 18ನೆಯ ಹಂಗಾಮಿನಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಗೆದ್ದಿತು, ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ವರ್ಷಗಟ್ಟಲೆ ಪರದೆಯ ಮೇಲೆ ನೋಡಿದ್ದನ್ನು ಒಮ್ಮೆ ಕಣ್ಣಾರೆ ಕಾಣಲು ಹೋದ ಮಂದಿ. ಅವರ ಹಂಬಲವನ್ನು ಹಳಿಯಲು ನನಗೆ ನಾಲಿಗೆ ಬರುವುದಿಲ್ಲ. ನಾನೂ ಅದೇ ಜಾತಿಯವನು.

ಜನ ಬಾರದೆ ಉಳಿದದ್ದು ಕಾಲೇಜಿನ ಬಯಲಿಗೆ. 2023ರ ಚಳಿಗಾಲದಲ್ಲಿ ಗೋಕಾಕದ ಬಳಿ ಒಂದು ಕೂಟವಿದೆಯೆಂದು ತಿಳಿದು ಸೊಸೆಯನ್ನೂ ಕರೆದುಕೊಂಡು ಹೋದೆ. ಹಿಂದೆ ಇಂಥ ಕೂಟವೆಂದರೆ ಚುರಮರಿ ಗಾಡಿಗಳು, ಮಿರ್ಚಿಯ ಹೊಗೆ, ಕಾಲೇಜಿನ ಮಾಳಿಗೆಯ ಕಟಾಂಜನಕ್ಕೆ ಜೋತುಬಿದ್ದ ಹುಡುಗಿಯರು, ಸಂತೆಯಿಂದ ಮರಳುವಾಗ ಬಂಡಿ ನಿಲ್ಲಿಸಿ ಯಾರು ಯಾರೆಂದು ತಿಳಿಯದೆಯೇ ಒಬ್ಬರ ಪಕ್ಷ ಹಿಡಿಯುವ ರೈತರು. ಈಗ ಓಡುವವರು ಇದ್ದರು, ಓಡಿಸುವವರು ಇದ್ದರು, ಶಾಮಿಯಾನದಲ್ಲಿ ಕುರ್ಚಿಗಳಿದ್ದವು. ಧ್ವನಿವರ್ಧಕ ಆ ಕುರ್ಚಿಗಳಿಗೆ ಫಲಿತಾಂಶ ಹೇಳುತ್ತಿತ್ತು. ಮರದ ನೆರಳಲ್ಲಿ ಏಳೆಂಟು ವಿದ್ಯಾರ್ಥಿಗಳು ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ಯಾವುದೋ ದೇಶದ ಕ್ರಿಕೆಟ್ಟು ನೋಡುತ್ತಿದ್ದರು. ಅವರ ಬೆನ್ನಿಗೆ ಇಪ್ಪತ್ತು ಮೊಳ ದೂರದಲ್ಲಿ ಅವರದೇ ಕಾಲೇಜಿನ ಹುಡುಗಿ 1500 ಮೀಟರ್ ಓಡುತ್ತಿದ್ದಳು.

ಅವಳು ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ಮುಂದಿನವರು ಮುಗಿಸಿ ನೀರು ಕುಡಿಯುತ್ತಿದ್ದರೂ ಅವಳಿಗೆ ಇನ್ನೂ ಒಂದು ತಿರುವು ಉಳಿದಿತ್ತು. ನಾನು ಚಪ್ಪಾಳೆ ತಟ್ಟಿದೆ. ಒಬ್ಬನೇ ತಟ್ಟುವಾಗ ನಾಚಿಕೆಯಾಗುತ್ತದೆ, ಆದರೂ ನಿಲ್ಲಿಸಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಸೊಸೆ ಅಲ್ಲಿಲ್ಲ. ಚಪ್ಪಲಿಗಳನ್ನು ನನ್ನ ಕಾಲ ಬಳಿ ಬಿಟ್ಟು, ಓಢಣಿಯನ್ನು ಸೊಂಟಕ್ಕೆ ಬಿಗಿದು, ಸುಣ್ಣದ ಗೆರೆಯ ಹೊರಗೆ ಆ ಹುಡುಗಿಯ ಒಂದು ಮಾರು ಹಿಂದೆ ಓಡುತ್ತಿದ್ದಳು! ಮುಂದಿನವಳು ಒಮ್ಮೆ ಹಿಂದಿರುಗಿ ನೋಡಿದಳು, ಹೆಜ್ಜೆ ಚುರುಕಾಯಿತು. ಪಂಚರೊಬ್ಬರು ಸೀಟಿ ಊದುತ್ತ, ಕೈಬೀಸುತ್ತ ಓಡಿಬಂದರು. ಅಷ್ಟರಲ್ಲಿ ಗೆರೆ ದಾಟಿಯಾಗಿತ್ತು. ಪಂಚರ ಬೈಗುಳವನ್ನು ತಲೆತಗ್ಗಿಸಿ ಕೇಳಿಸಿಕೊಂಡು, ಏದುಸಿರು ಬಿಡುತ್ತ ಸೊಸೆ ನನ್ನ ಬಳಿ ಬಂದಳು. ಮುಖ ಕೆಂಪಾಗಿತ್ತು.

"ಎಷ್ಟ ಆತ್ರಿ ಮಾಮಾ?" ಎಂದು ಕೇಳಿದಳು.

ನಾನು ಗಡಿಯಾರ ನೋಡಿರಲಿಲ್ಲ.