ಪರದೆಯ ಆ ಮಗ್ಗುಲು

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟ ಬಸ್ಸು ಸಾರವಾಡದ ಬಳಿ ಡೋಣಿ ನದಿಯನ್ನು ದಾಟುತ್ತದೆ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬುದು ಈ ಸೀಮೆಯ ಗಾದೆ. ಸಂಕ್ರಾಂತಿಯ ಸಮಯದಲ್ಲಿ ಸಿದ್ಧೇಶ್ವರನ ಜಾತ್ರೆಯನ್ನು ಮುಗಿಸಿಕೊಂಡು ನಾನು ಆ ದಾರಿಯಲ್ಲಿ ಸಾಗಿದಾಗ, ಎರಿಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ನಾನು ಹೋಗಬೇಕಾಗಿದ್ದುದು ನಿಡೋಣಿಗೆ, ಹಳೆಯ ಗೆಳೆಯನೊಬ್ಬನ ಮನೆಗೆ.

ಅಂದು ಸಂಜೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಬಡಿಸುತ್ತ, ಗೆಳೆಯನ ಹಿರಿಯಕ್ಕ ನನ್ನನ್ನು ಕೇಳಿದಳು:

"ತಮ್ಮಾ, ನೀ ಊರೂರು ತಿರಗಾಂವ. ಪುಕ್ಕಟೆ ಸಿನೇಮಾ ಎಲ್ಲಿ ತೋರಸ್ತಾರ ಹೇಳು. ಈ ಮೊಮ್ಮಗ ದಿನಾ ಕಾಡತಾನ. ಎಲ್ಲಾರೂ ಕೂಡಿ ವಿಜಾಪುರಕ್ಕ ಹೋಗಿ ಬರಬೇಕಂದ್ರ ಒಂದು ವಾರದ ಸಂತಿ ರೊಕ್ಕ ಬೇಕು."

"ನೀವು ಸಿನಿಮಾ ನೋಡಿಲ್ಲವೇನ್ರಿ ಅಕ್ಕಾ?" ಎಂದೆ.

"ನೋಡೀನಿ, ಆದ್ರ ಬೆನ್ನ ಹಿಂದಿಂದ!" ಎಂದು ಆಕೆ ನಕ್ಕಳು. ಆಕೆಯ ಬಾಲ್ಯದಲ್ಲಿ ಊರಿಗೆ ಸರಕಾರದ ಮೋಟಾರು ಬಂದು, ಬಯಲಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸುತ್ತಿತ್ತಂತೆ. ಮುಂದಿನ ಮಗ್ಗುಲಿಗೆ ಗಂಡಸರು. ಹಿಂದಿನ ಮಗ್ಗುಲಿಗೆ ಹೆಣ್ಣುಮಕ್ಕಳು. "ಅಕ್ಷರ ಎಲ್ಲಾ ತಿರುವುಮುರುವು. ನಮಗ ಹ್ಯಾಂಗೂ ಓದಾಕ ಬರತಿದ್ದಿಲ್ಲ, ಅದಕ ಏನೂ ಅನಸಲಿಲ್ಲ. ರಾಜ ಎಡಗೈಲೆ ಊಟ ಮಾಡೋದು ನೋಡಿ ಮಾತ್ರ ನಕ್ಕಿದ್ದೇ ನಕ್ಕಿದ್ದು."

ಮದುವೆ, ಮಕ್ಕಳು, ಹೊಲಮನೆ ಎಂದು ದಿನಗಳು ಉರುಳಿದುವು. ಪರದೆಯ ಮುಂದಿನ ಮಗ್ಗುಲಿಗೆ ಕುಳಿತು ಚಿತ್ರವೊಂದನ್ನು ನೋಡುವ ಯೋಗ ಆ ತಾಯಿಗೆ ಕೂಡಿಬರಲೇ ಇಲ್ಲ.

ವಾಚಕರೇ, ಆ ರಾತ್ರಿ ನನಗೆ ಬೇಗನೆ ನಿದ್ರೆ ಹತ್ತಲಿಲ್ಲ. ಆಕೆ ಹೇಳಿದ ಮೋಟಾರು ಕಟ್ಟುಕಥೆಯಲ್ಲ. 1948ರಲ್ಲಿ ಕೇಂದ್ರ ಸರಕಾರವು ಫಿಲ್ಮ್ಸ್ ಡಿವಿಜನ್ ಸಂಸ್ಥೆಯನ್ನು ಸ್ಥಾಪಿಸಿ ಸಾಕ್ಷ್ಯಚಿತ್ರಗಳನ್ನೂ ವಾರ್ತಾಚಿತ್ರಗಳನ್ನೂ ತಯಾರಿಸತೊಡಗಿತು. ಪಂಚವಾರ್ಷಿಕ ಯೋಜನೆಗಳ ಪ್ರಚಾರಕ್ಕಾಗಿ 1953ರಲ್ಲಿ ಆರಂಭವಾದ ಕ್ಷೇತ್ರಪ್ರಚಾರ ವ್ಯವಸ್ಥೆಯು ಅವನ್ನು ಮೋಟಾರುಗಳಲ್ಲಿ ಹೊತ್ತು ಹಳ್ಳಿಹಳ್ಳಿಗೂ ಒಯ್ದಿತು. ಅದಲ್ಲದೆ ತಂಬು ಹೊಡೆದು, ನೆಲಕ್ಕೊಂದು ದರ, ಕುರ್ಚಿಗೊಂದು ದರವೆಂದು ಕೆಲ ಕಾಲ ಆಟವಾಡಿ ಮುಂದಿನ ಊರಿಗೆ ನಡೆಯುತ್ತಿದ್ದ ಟೂರಿಂಗ್ ಟಾಕೀಸುಗಳೂ ಇದ್ದುವು. ಕ್ಷೇತ್ರಪ್ರಚಾರವು 2017ರಲ್ಲಿಯೂ ಫಿಲ್ಮ್ಸ್ ಡಿವಿಜನ್ 2022ರಲ್ಲಿಯೂ ಬೇರೆ ಸಂಸ್ಥೆಗಳಲ್ಲಿ ಲೀನವಾದುವು. ಚಿತ್ರ ಈಗ ಅಂಗೈಯಗಲದ ಫೋನಿಗೆ ಇಳಿದಿದೆ. ಅದನ್ನು ಒಬ್ಬೊಬ್ಬರೇ ನೋಡಬಹುದು. ಊರು ಕೂಡಿ ನೋಡುವಂತಿಲ್ಲ.

ಮರುದಿನ ಬೆಳಗ್ಗೆ ಹೊಲದಲ್ಲಿ ಸೀತನಿ ತಿನ್ನುತ್ತ, ನನಗೆ ತಿಳಿದಷ್ಟನ್ನು ಅಕ್ಕನಿಗೂ ಮೊಮ್ಮಗನಿಗೂ ಹೇಳಿದೆ. ಅಲ್ಪ ಖರ್ಚಿನಲ್ಲಿ ಒಳ್ಳೆಯ ಚಿತ್ರ ನೋಡಬಯಸುವವರಿಗೆ ಮೊದಲನೆಯ ಆಸರೆ ಚಿತ್ರಸಮಾಜಗಳು. 1947ರಲ್ಲಿ ಕಲಕತ್ತೆಯಲ್ಲಿ ಸತ್ಯಜಿತ್ ರಾಯ್ ಮತ್ತು ಅವರ ಮಿತ್ರರು ಅಂಥದೊಂದನ್ನು ಕಟ್ಟಿದರು. 1959ರಲ್ಲಿ ಇಂಥ ಸಮಾಜಗಳ ಒಕ್ಕೂಟವೂ ಹುಟ್ಟಿತು. ಬೆಂಗಳೂರಿನ ಸುಚಿತ್ರಾ 1971ರಿಂದ ನಡೆದುಬಂದಿದೆ. ಇಂಥ ಸಮಾಜಗಳಲ್ಲಿ ಆಟಕ್ಕೊಂದು ಟಿಕೇಟಿನ ಬದಲು ಸದಸ್ಯತ್ವದ ವಂತಿಗೆಯನ್ನು ಕೊಟ್ಟರಾಯಿತು. ಅದೇ ನಗರದ ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್ ಮೊದಲಾದ ಕಡೆ ಜರ್ಮನ್, ಫ್ರೆಂಚ್ ಚಿತ್ರಗಳನ್ನು ಹಲವು ಬಾರಿ ಶುಲ್ಕವಿಲ್ಲದೆ ತೋರಿಸುವುದುಂಟು. 2006ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಒಂದೇ ಪಾಸಿನಲ್ಲಿ ದಿನಕ್ಕೆ ಹಲವು ಚಿತ್ರಗಳನ್ನು ನೋಡಬಹುದು.

ಅಕ್ಕ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಬೆಂಗಳೂರು ಎಷ್ಟು ದೂರ?" ಎಂದಳು.

"500 ಕಿಲೋಮೀಟರಿಗೂ ಹೆಚ್ಚು."

"ಹಂಗಾರ ಸಿನೇಮಾ ಪುಕ್ಕಟೆ, ಹಾದಿ ಪುಕ್ಕಟೆ ಅಲ್ಲ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ವಿವರಿಸಿದ ಬಾಗಿಲುಗಳೆಲ್ಲ ಬಾಗಿಲ ಬಳಿಯೇ ವಾಸಿಸುವವರಿಗೆ ಮಾತ್ರ ತೆರೆದಿದ್ದುವು! ಆಗ ನೆನಪಾದುದು ಹೆಗ್ಗೋಡು. ಸಾಗರದ ಸಮೀಪದ, ಅಡಿಕೆ ತೋಟಗಳ ನಡುವಣ ಆ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1973ರಲ್ಲಿ ತನ್ನದೇ ಚಿತ್ರಸಮಾಜವನ್ನು ಆರಂಭಿಸಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಲ್ಲಿಯ ರೈತರು ಬಂಗಾಳದ 'ಪಥೇರ್ ಪಾಂಚಾಲಿ'ಯನ್ನೂ ಜಪಾನಿನ 'ರಾಶೋಮನ್' ಚಿತ್ರವನ್ನೂ ತಮ್ಮೂರಿನಲ್ಲಿಯೇ ಕುಳಿತು ನೋಡಿದರು. ಅವರು ನಗರಕ್ಕೆ ಹೋಗಲಿಲ್ಲ. ಚಿತ್ರವನ್ನೇ ಹಳ್ಳಿಗೆ ಕರೆತಂದರು.

ಹೆಗ್ಗೋಡು ಮಾಡಿದುದನ್ನು ನಿಡೋಣಿ ಒಂದು ಸಂಜೆಯ ಮಟ್ಟಿಗಾದರೂ ಮಾಡಲಾರದೆ? ಮೊಮ್ಮಗ ಓದುವ ಶಾಲೆಯ ಮಾಸ್ತರರನ್ನು ಕಂಡೆವು. ಅವರಿಗಿದ್ದ ಅಂಜಿಕೆ ಒಂದೇ: ಕಾಯಿದೆಯ ತೊಡಕು ಬಂದೀತೇ? 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಇದಕ್ಕೆ ದಾರಿಯುಂಟು. ಶಾಲೆಯು ತನ್ನ ಕಾರ್ಯಕ್ರಮದ ಅಂಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ತಂದೆತಾಯಿಗಳು, ಪೋಷಕರು ಇವರಿಗಷ್ಟೇ ಚಿತ್ರ ತೋರಿಸಿದರೆ ಅದು ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಮೇಲಾಗಿ, ಚಲಚ್ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ ಎಣಿಸಿ 60 ವರ್ಷಗಳಿಗೆ ತೀರುತ್ತದೆ. 1954ರ 'ಬೇಡರ ಕಣ್ಣಪ್ಪ'ನಂಥ ಚಿತ್ರದ ಅವಧಿ 2014ಕ್ಕೇ ಮುಗಿಯಿತು. ಊರಿಗೆಲ್ಲ ಬಹಿರಂಗವಾಗಿ ತೋರಿಸುವುದಾದರೆ ಮಾತ್ರ ಕಥೆ, ಹಾಡುಗಳ ಹಕ್ಕನ್ನು ಬೇರೆಯಾಗಿ ವಿಚಾರಿಸಬೇಕು. ಹೊಸ ಚಿತ್ರಕ್ಕಾದರೆ ಒಡೆಯರ ಅನುಮತಿ ಬೇಕೇಬೇಕು. ಇಷ್ಟನ್ನು ತಿಳಿಸಿದ ಮೇಲೆ ಮಾಸ್ತರರ ಮುಖ ಅರಳಿತು.

ನಾಲ್ಕನೆಯ ದಿನ ಸಂಜೆ ಶಾಲೆಯ ಪಡಸಾಲೆಯಲ್ಲಿ ಒಂದು ಬಿಳಿಯ ಧೋತರವನ್ನು ಬಿಗಿದು ಕಟ್ಟಲಾಯಿತು. ಮಾಸ್ತರರು ಪರಿಚಯದವರಿಂದ ಪ್ರೊಜೆಕ್ಟರನ್ನು ಕಡ ತಂದಿದ್ದರು. ಚಿತ್ರ 'ಬೇಡರ ಕಣ್ಣಪ್ಪ'. ಮಕ್ಕಳು ಮುಂದೆ, ತಂದೆತಾಯಿಗಳು ಹಿಂದೆ. ಮೊಮ್ಮಗ ಅಜ್ಜಿಯ ಕೈಹಿಡಿದು ತಂದು ಎಲ್ಲರಿಗಿಂತ ಮುಂದೆ ಕೂಡಿಸಿದ. ಒಟ್ಟು ಖರ್ಚೆಂದರೆ ಆಟ ಮುಗಿದ ಮೇಲೆ ಮಕ್ಕಳಿಗೆ ಹಂಚಲು ತಂದ ಚುರುಮುರಿಯದು.

ಚಿತ್ರ ಆರಂಭವಾಗಿ ಸ್ವಲ್ಪ ಹೊತ್ತಿಗೆ ಅಕ್ಕ ಎದ್ದಳು. ಕಾಲು ಹಿಡಿದುಕೊಂಡಿರಬೇಕೆಂದು ನಾನು ಭಾವಿಸಿದೆ. ಆಕೆ ಗೋಡೆಯನ್ನು ಹಿಡಿದುಕೊಂಡು ಮೆಲ್ಲಗೆ ನಡೆದು, ಧೋತರದ ಹಿಂದಕ್ಕೆ ಹೋಗಿ ಕ್ಷಣಕಾಲ ನಿಂತಳು. ಬಳಿಕ ಮರಳಿ ಬಂದು ತನ್ನ ಜಾಗದಲ್ಲಿ ಕುಳಿತಳು.

"ಏನಾತ್ರಿ ಅಕ್ಕಾ?" ಎಂದು ಪಿಸುಗುಟ್ಟಿದೆ.

"ಏನಿಲ್ಲ ತಮ್ಮಾ, ಖಾತ್ರಿ ಮಾಡಿಕೊಂಡು ಬಂದೆ. ಇಂವ ಬಲಗೈಲೇ ಬಾಣ ಎಳೀತಾನ" ಎಂದವಳೇ ಸೆರಗನ್ನು ಸರಿಪಡಿಸಿಕೊಂಡು, ಮುಂದೆ ಆಟ ಮುಗಿಯುವತನಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.