ಸೀಮಂತಕ್ಕೆ ಮೊದಲೇ

ನಮ್ಮಲ್ಲಿ ಬಸುರಿಯ ಆರೈಕೆ ರಂಗೇರುವುದು ಏಳನೆಯ ತಿಂಗಳ ಸೀಮಂತಕ್ಕೆ. ಹಸಿರು ಸೀರೆ, ಹಸಿರು ಬಳೆ, ಮಡಿಲಕ್ಕಿ, ಕೇಳಿ ಕೇಳಿ ಮಾಡಿಹಾಕುವ ಬಯಕೆಯೂಟ. ಆ ಸಡಗರ ನನಗೆ ಬಹಳ ಇಷ್ಟ. ಆದರೆ ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನರಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಮುಟ್ಟು ತಡವಾಯಿತೇ ಎಂದು ಹುಡುಗಿ ಇನ್ನೂ ಬೆರಳೆಣಿಸುವ ಹೊತ್ತಿಗೆ. ಆಗ ಮೈಯಲ್ಲಿ ಫೋಲಿಕ್ ಆಮ್ಲ ಸಾಕಷ್ಟು ಇರಬೇಕು. ಹಾಗಾಗಿ ದಿನಕ್ಕೆ 400 ಮೈಕ್ರೋಗ್ರಾಂನ ಆ ಮಾತ್ರೆ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು.

ಇದರ ಕತೆಯ ಒಂದು ಎಳೆ ಮುಂಬಯಿಯದು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ಊಟವನ್ನು ಈಕೆ ಗಮನಿಸಿ ನೋಡಿದರು. ಕೊನೆಗೆ ಬ್ರೆಡ್ಡಿಗೆ ಹಚ್ಚುವ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ರಕ್ತ ತುಂಬಿಕೊಂಡಿತು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಎಂದು ತಿಳಿದದ್ದು ಆಮೇಲೆ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಲಾಯಿತು. ಮುಂದೆ 1991ರ ಬ್ರಿಟಿಷ್ ಪ್ರಯೋಗವೊಂದು, ಮೊದಲು ನರಕೊಳವೆ ದೋಷದ ಮಗುವಿದ್ದ ತಾಯಂದಿರು ಇದನ್ನು ಮುಂಚಿತವಾಗಿ ನುಂಗಿದರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು ತೋರಿಸಿತು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಮುಂದೆ ಬರುವವರು ಆ ಗಿರಣಿ ಹೆಂಗಸರೇ.

ಇನ್ನು ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೂ ಅಷ್ಟೇ ದಿನ. ಮಲ ಕಪ್ಪಾಯಿತೆಂದು ಹೆದರಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದು ಹೀರದೆ ಉಳಿದ ಕಬ್ಬಿಣದ ಬಣ್ಣ, ಹೆದರಬೇಕಿಲ್ಲ. ಮಗು ಕಪ್ಪಾಗುತ್ತದೆ ಎನ್ನುವವರ ಮಾತಂತೂ ಪೂರಾ ಸುಳ್ಳು. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ಇದರಿಂದ ದೂರವಿಡಬೇಕು; ನಿಂಬೆ ಪಾನಕ ಜೊತೆಗಿದ್ದರೆ ಒಳ್ಳೆಯದು. ಹಾಗೆಂದು ಅಂಗಡಿಯ ಶಕ್ತಿಮಾತ್ರೆಗಳನ್ನೆಲ್ಲ ಸುರಿದುಕೊಳ್ಳುವುದೂ ಬೇಡ. ವಿಟಮಿನ್ ಎ ಅತಿಯಾದರೆ ಮಗುವಿಗೇ ಕೇಡು.

ಅದಕ್ಕೇ ಈಚೆಗೆ ಮದುವೆಮನೆಗಳಲ್ಲಿ ಪರಿಚಯದ ಹುಡುಗಿಯರನ್ನು ಪಕ್ಕಕ್ಕೆ ಕರೆದು, 'ಮಗು ಬೇಕು ಅನ್ನಿಸಿದ ದಿನವೇ ಡಾಕ್ಟರನ್ನು ಕೇಳಿ ಫೋಲಿಕ್ ಆಮ್ಲ ಶುರುಮಾಡು' ಎನ್ನುತ್ತೇನೆ. ಕೆಲವರು ನಾಚುತ್ತಾರೆ. ಅತ್ತೆಯಂದಿರು ಏನು ಎತ್ತ ಎಂದು ಹತ್ತಿರ ಬಂದರೆ ಅವರಿಗೂ ಅದನ್ನೇ ಹೇಳುತ್ತೇನೆ.